ಅಂಟಿನ ಆಂಟಿ ಬರೆದ ಹದಿನೇಳನೆಯ ಪುಟ

ಬೆಳಿಗ್ಗೆ ಐದೂಮುಕ್ಕಾಲು. ಮಕ್ಕಳ ಗ್ರಂಥಾಲಯದ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಸ್ಟವ್ ಉರಿಯುತ್ತಿದೆ. ಮೇಲಿಟ್ಟ ಅಲ್ಯೂಮಿನಿಯಂ ಪಾತ್ರೆಯಲ್ಲಿ ಮೈದಾ ಹಿಟ್ಟಿನ ಗಂಜಿ ಕುದಿಯುತ್ತಿದೆ. ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ಮರದ ಕೋಲಿನಿಂದ ಅದನ್ನು ಬಿಡದೆ ತಿರುವುತ್ತಿದ್ದಾರೆ. ಒಂದು ನಿಮಿಷ ಕೈ ನಿಂತರೂ ಗಂಟು ಕಟ್ಟುತ್ತದೆ. ಗಂಟು ಕಟ್ಟಿದ ಅಂಟು ಹಚ್ಚಿದರೆ ಹಾಳೆ ಉಬ್ಬಿಕೊಳ್ಳುತ್ತದೆ. ಹದಕ್ಕೆ ಬಂದಾಗ ಚಿಟಿಕೆ ಮೈಲುತುತ್ತದ ಪುಡಿ ಉದುರಿಸುತ್ತಾರೆ. ಇಪ್ಪತ್ತಾರು ವರ್ಷ ಈ ವಿಷವನ್ನು ಮುಟ್ಟಿ ಮುಟ್ಟಿ ಅವರ ಉಗುರುಗಳ ಬುಡ ನೀಲಿಗಟ್ಟಿದೆ.

“ಇದು ಹಾಕ್ದೆ ಇದ್ರೆ ಪುಸ್ತಕ ಜಿರಳೆಗೆ ಊಟ. ಹಾಕಿದ್ರೆ ಈ ಕೈಯಲ್ಲಿ ನಾನು ಊಟ ಮಾಡೋಕಾಗಲ್ಲ. ಯಾರಾದ್ರೂ ಒಬ್ರು ಉಪವಾಸ ಇರಬೇಕು ನೋಡಿ,” ಎನ್ನುತ್ತಾರೆ. ನಗುವುದಿಲ್ಲ. ಪಾತ್ರೆ ಇಳಿಸಿ, ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದು, ಆಮೇಲೆ ಟೀ ಕುಡಿಯುತ್ತಾರೆ.

ಇವರ ಕೆಲಸ ಹರಿದ ಪುಸ್ತಕಗಳನ್ನು ಸರಿಮಾಡುವುದು. ಓದಲು ಬರುವ ಮಕ್ಕಳೆಲ್ಲ ಇವರನ್ನು ಕರೆಯುವುದು ‘ಅಂಟಿನ ಆಂಟಿ’ ಎಂದು. ಯಾವ ಮಗು ಮೊದಲು ಹಾಗೆ ಕರೆಯಿತೋ ಗೊತ್ತಿಲ್ಲ; ಈಗ ಹಾಜರಿ ಪುಸ್ತಕ ನೋಡುವ ಗುಮಾಸ್ತರೂ ಹಾಗೇ ಕೂಗುತ್ತಾರೆ. ದಿನಕ್ಕೆ ಹನ್ನೆರಡು ಪುಸ್ತಕ, ಪರೀಕ್ಷೆ ಮುಗಿದು ರಜೆ ಶುರುವಾದರೆ ಇಪ್ಪತ್ತು. ಬೆನ್ನು ಬಿಟ್ಟುಕೊಂಡ ಪುಸ್ತಕಗಳನ್ನು ಬಿಚ್ಚಿ, ದಬ್ಬಣದಿಂದ ತೂತು ಹಾಕಿ, ಮೇಣ ಸವರಿದ ದಾರದಿಂದ ಹೊಲಿದು, ಹೊಸ ರಟ್ಟು ಕಟ್ಟಿ, ಎರಡು ದಿನ ಭಾರದ ಕೆಳಗಿಡುತ್ತಾರೆ. ಇದುವರೆಗೆ ಎಂಬತ್ತು ಸಾವಿರ ಪುಸ್ತಕ ದಾಟಿರಬಹುದು ಎಂದು ಅವರ ಅಂದಾಜು. ಗ್ರಂಥಾಲಯದ ಯಾವ ಕಡತದಲ್ಲೂ ಈ ಸಂಖ್ಯೆ ಇಲ್ಲ. ಹೊಸ ಪುಸ್ತಕ ಬಂದದ್ದಕ್ಕೆ ದಾಖಲೆ ಇದೆ, ಕಳೆದುಹೋದದ್ದಕ್ಕೆ ಇದೆ. ಸತ್ತು ಬದುಕಿದ್ದಕ್ಕೆ ಇಲ್ಲ.

“ಮಕ್ಕಳು ಇಷ್ಟ ಆಗಿದ್ದನ್ನೇ ಹರಿಯೋದು. ಇಷ್ಟ ಆಗದೆ ಇದ್ದಿದ್ದು ತಂದಾಗ ಹೇಗಿತ್ತೋ ಹಾಗೇ ಇರುತ್ತೆ. ಕಪಾಟಿಗೆ ಹೋಗಿ ನೋಡಿ, ಯಾವ ಪುಸ್ತಕ ಚೆನ್ನಾಗಿಲ್ಲ ಅಂತ ದೂರದಿಂದಾನೇ ಗೊತ್ತಾಗುತ್ತೆ. ಫಳಫಳ ಅಂತಿರುತ್ತೆ.”

ಶೆಡ್ಡಿನ ಗೋಡೆಯ ಮೇಲೆ ಒಂದು ಆದೇಶವನ್ನು ಅಂಟಿಸಲಾಗಿದೆ. ಅಂಟಿಸಿದ್ದು ಇವರೇ, ಇವರದೇ ಅಂಟಿನಿಂದ. ಲೇಖಕಿಯೊಬ್ಬರ, ಗ್ರಂಥಾಲಯದಲ್ಲಿರುವ ಯಾವುದೇ ಪುಸ್ತಕವನ್ನು ದುರಸ್ತಿ ವಿಭಾಗದವರು ಮುಟ್ಟತಕ್ಕದ್ದಲ್ಲ ಎಂದು ಅದರಲ್ಲಿದೆ. ದುರಸ್ತಿ ವಿಭಾಗ ಎಂದರೆ ಇವರೊಬ್ಬರೇ.

ಆ ಲೇಖಕಿಯನ್ನು ಮೂರು ತಲೆಮಾರಿನ ಮಕ್ಕಳು ‘ದೊಡ್ಡಮ್ಮ’ ಎಂದು ಕರೆದಿದ್ದಾರೆ. ಪುಸ್ತಕಗಳ ಮೇಲೆ ಅಚ್ಚಾಗುತ್ತಿದ್ದದ್ದೂ ಅದೇ ಹೆಸರು. ಇಪ್ಪತ್ತೆರಡು ಪುಸ್ತಕಗಳಲ್ಲೂ ಒಂದೇ ಒಂಟೆ. ಉಪ್ಪು ತರಲು ಪೇಟೆಗೆ ಹೊರಡುವ ಮರೆಗುಳಿ ಒಂಟೆ. ದಾರಿಯಲ್ಲಿ ಸಿಕ್ಕವರೆಲ್ಲ ತಮ್ಮ ತಮ್ಮ ಗಂಟನ್ನು ಅದರ ಬೆನ್ನಿಗೆ ಹೇರುತ್ತಾರೆ. ಊರಿನವರ ಸಾಮಾನನ್ನೆಲ್ಲ ಅವರವರ ಮನೆಗೆ ಮುಟ್ಟಿಸಿ ಒಂಟೆ ವಾಪಸು ಬರುತ್ತದೆ, ಉಪ್ಪೊಂದನ್ನು ಬಿಟ್ಟು. ಇಷ್ಟೇ ಕತೆ. ಆದರೆ ಇವತ್ತು ಬ್ಯಾಂಕಿನ ಸಾಲಿನಲ್ಲಿ ನಿಂತವರು ಪಾಸ್‌ಬುಕ್ ಮರೆತು ಬಂದರೆ “ಉಪ್ಪು ತರೋಕೆ ಬಂದೆ” ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಎಲ್ಲರ ಕೆಲಸ ಮಾಡಿಕೊಟ್ಟು ಸ್ವಂತದ್ದನ್ನು ಕೆಡಿಸಿಕೊಳ್ಳುವ ಗಂಡನಿಗೆ ಹೆಂಡತಿ “ಹೋಗಿ, ಒಂಟೆ” ಎನ್ನುತ್ತಾಳೆ. ಪುಸ್ತಕ ಓದದವರೂ ಆಡುವ ಮಾತಿದು. ಒಬ್ಬ ಲೇಖಕಿ ಒಂದು ಭಾಷೆಗೆ ಇದಕ್ಕಿಂತ ಹೆಚ್ಚೇನು ಕೊಡಲಾದೀತೋ ನನಗೆ ತಿಳಿಯದು.

ಅದಕ್ಕೆ ಪ್ರತಿಯಾಗಿ ಆಕೆಗೆ ಸಿಕ್ಕಿದ್ದರ ಲೆಕ್ಕ ಚಿಕ್ಕದು. ಆರನೆಯ ಪುಸ್ತಕ ಅಚ್ಚಿನಲ್ಲಿದ್ದಾಗ ಆಕೆಯ ಗಂಡನಿಗೆ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಪ್ರಕಾಶಕರು ಆಸ್ಪತ್ರೆಯ ಬಿಲ್ಲು ಕಟ್ಟಿದರು. ಬದಲಿಗೆ, ಬರೆದದ್ದು ಮತ್ತು ಮುಂದೆ ಬರೆಯಲಿರುವ ಎಲ್ಲ ಒಂಟೆ ಕತೆಗಳ ಹಕ್ಕನ್ನು ಬರೆಸಿಕೊಂಡರು. ಆಮೇಲೆ ಒಂಟೆ ಟೀವಿಗೆ ಬಂತು, ನೀರಿನ ಬಾಟಲಿಯ ಮೇಲೆ ಬಂತು, ಬಿಸ್ಕತ್ತಿನ ಆಕಾರದಲ್ಲಿ ಬಂತು. ದೊಡ್ಡಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಟೆಲಿಫೋನ್ ಇಲಾಖೆಯ ಪಿಂಚಣಿಯಲ್ಲಿ ಬದುಕಿದರು. ಆರು ವರ್ಷದ ಹಿಂದೆ ತೀರಿಕೊಂಡಾಗ ಪತ್ರಿಕೆಗಳು ಮುಖಪುಟದಲ್ಲಿ ಒಂಟೆ ಕಣ್ಣೀರಿಡುವ ಚಿತ್ರ ಹಾಕಿದವು. ಆ ಚಿತ್ರಕ್ಕೂ ಪ್ರಕಾಶಕರಿಗೆ ಹಣ ಕಟ್ಟಬೇಕಾಯಿತು ಎಂದು ನಮ್ಮ ಪತ್ರಿಕೆಯ ಕಚೇರಿಯಲ್ಲಿ ಯಾರೋ ಹೇಳಿದ ನೆನಪು.

ಅಂಟಿನ ಆಂಟಿ ಈ ಗ್ರಂಥಾಲಯಕ್ಕೆ ಬಂದದ್ದು ಕಸ ಗುಡಿಸಲು. ಗಂಡ ಶಾಲಾ ವ್ಯಾನಿನ ಚಾಲಕ, ಮಗಳು ಹಾಲು ಕುಡಿಯುವ ಕೂಸು. ಆಗ ಶೆಡ್ಡಿನಲ್ಲಿದ್ದ ಮುದುಕ ಬೈಂಡರಿಗೆ ಕಣ್ಣು ಮಂಜಾಗುತ್ತಿತ್ತು. ಸೂಜಿಗೆ ದಾರ ಪೋಣಿಸಿಕೊಡಲು ದಿನಕ್ಕೆ ಹತ್ತು ಸಲ ಇವರನ್ನು ಕೂಗುತ್ತಿದ್ದರು. ಪೋಣಿಸಿಕೊಡುತ್ತಾ ಹೊಲಿಯಲು ಕಲಿತರು, ಹೊಲಿಯುತ್ತಾ ಅಂಟು ಕಾಯಿಸಲು. ಬೈಂಡರು ನಿವೃತ್ತರಾದ ದಿನ ದಬ್ಬಣವನ್ನು ಇವರ ಕೈಗಿಟ್ಟು ಹೋದರು. ಬೈಂಡರರ ಹುದ್ದೆಯನ್ನು ಮಾತ್ರ ಯಾರ ಕೈಗೂ ಇಡಲಿಲ್ಲ. ಸರ್ಕಾರ ಅದನ್ನು ರದ್ದು ಮಾಡಿತು. ಇವತ್ತಿಗೂ ಇವರು ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ. ಮೂರು ತಿಂಗಳಿಗೊಮ್ಮೆ ಗುತ್ತಿಗೆಯ ಕಾಗದಕ್ಕೆ ಸಹಿ ಹಾಕಬೇಕು.

“ಓದಿದ್ದು ಏಳನೇ ಕ್ಲಾಸು. ಆದ್ರೆ ಹೊಲಿಯೋ ಮುಂಚೆ ಪುಟ ಸರಿಯಾಗಿದ್ಯಾ ನೋಡ್ಬೇಕಲ್ಲ, ನೋಡ್ತಾ ನೋಡ್ತಾ ಓದ್ಬಿಡ್ತೀನಿ. ಒಂಟೆ ಪುಸ್ತಕಗಳಂತೂ ಎಷ್ಟು ಸಲ ಕೈಗೆ ಬಂದಿದಾವೋ. ಕಣ್ಣು ಮುಚ್ಚಿದ್ರೆ ಪುಟ ಕಾಣುತ್ತೆ ನನಗೆ.”

ಅದರಲ್ಲೂ ಮೊದಲನೆಯ ಪುಸ್ತಕದ ಹದಿನೇಳನೆಯ ಪುಟ. ರಾತ್ರಿಯಾಗುವ ಹೊತ್ತಿಗೆ ಒಂಟೆ ತನ್ನ ಬೀದಿಗೆ ಬರುತ್ತದೆ, ತನ್ನ ಮನೆ ಯಾವುದೆಂಬುದೇ ಅದಕ್ಕೆ ಮರೆತುಹೋಗಿದೆ; ಬಾಗಿಲು ತೆರೆದಿದ್ದ ಮನೆಯೊಂದಕ್ಕೆ ನುಗ್ಗುತ್ತದೆ, ಅದೇ ಅದರ ಮನೆ. ಹಾಳೆಯ ಹಿಂಬದಿಯಲ್ಲಿ ಪುಟದ ತುಂಬ ಒಂಟೆಯ ಚಿತ್ರ. ಈ ಹಾಳೆಯನ್ನು ಮಕ್ಕಳು ಕಿತ್ತುಕೊಂಡು ಹೋಗುತ್ತಿದ್ದರು. ಗ್ರಂಥಾಲಯದಲ್ಲಿದ್ದ ಹದಿನಾಲ್ಕು ಪ್ರತಿಗಳಲ್ಲಿ ಒಂಬತ್ತರಲ್ಲಿ ಆ ಹಾಳೆ ಇರಲಿಲ್ಲ. ಹೊಸ ಪ್ರತಿ ಕೊಳ್ಳೋಣವೆಂದರೆ ಪ್ರಕಾಶಕರು ಹಳೆಯ ಅಚ್ಚನ್ನು ನಿಲ್ಲಿಸಿದ್ದರು. ಟೀವಿಯ ಒಂಟೆಯ ಚಿತ್ರ ಹಾಕಿ, ಪುಸ್ತಕಗಳನ್ನೆಲ್ಲ ಒಟ್ಟಿಗೆ ಮಾರುವ ದುಬಾರಿ ಪೆಟ್ಟಿಗೆ ಮಾತ್ರ ಸಿಗುತ್ತಿತ್ತು.

ಹದಿಮೂರು ವರ್ಷದ ಹಿಂದೆ ಒಂದು ದಿನ, ಓದುತ್ತಿದ್ದ ಹುಡುಗಿಯೊಬ್ಬಳು ಹದಿನಾರನೆಯ ಪುಟ ಮುಗಿಸಿ ಹತ್ತೊಂಬತ್ತಕ್ಕೆ ಬಂದು, ಒಂಟೆ ಮನೆ ಸೇರಿತೋ ಇಲ್ಲವೋ ತಿಳಿಯದೆ ಅಳುತ್ತಾ ಕೂತಳು. ಅಂಟಿನ ಆಂಟಿ ಒಂದು ಬಿಳಿಯ ಹಾಳೆ ಕತ್ತರಿಸಿ, ಮಗಳ ಪೆನ್ನಿನಿಂದ ಹದಿನೇಳನೆಯ ಪುಟವನ್ನು ನೆನಪಿನಿಂದ ಬರೆದು ಒಳಗೆ ಹೊಲಿದರು. ಚಿತ್ರ ಬರೆಯಲು ಬರುತ್ತಿರಲಿಲ್ಲ. ಹಿಂಬದಿಯ ಪುಟದಲ್ಲಿ “ಇಲ್ಲಿ ಒಂಟೆ ಇತ್ತು. ನೀವೇ ಬರೆದುಕೊಳ್ಳಿ” ಎಂದು ಬರೆದು ಬಿಟ್ಟರು.

ಮಕ್ಕಳು ಬರೆದುಕೊಂಡರು. ಮೊದಲ ವಾರವೇ ನಾಲ್ಕು ಒಂಟೆ. ಆಮೇಲೆ ಜಾಗ ಸಾಲದೆ ಒಂಟೆಯ ಕಾಲ ಸಂದಿನಲ್ಲಿ ಮರಿ ಒಂಟೆ, ಮೂಲೆಯಲ್ಲಿ ಬೆರಳುಗುರಿನಷ್ಟು ಒಂಟೆ, ಮೂರು ಡುಬ್ಬದ ಒಂಟೆ, ಕನ್ನಡಕದ ಒಂಟೆ. ಆ ಪ್ರತಿಗಾಗಿ ಮಕ್ಕಳು ಸರದಿ ಹಚ್ಚುತ್ತಿದ್ದರಂತೆ.

ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಬಸ್ಸಿಳಿದು ಬಂದರು. ಬಂದವರ ಪುಸ್ತಕದಲ್ಲಿ ಸಹಿ ಹಾಕಿ, ಒಂಟೆಯ ಮೊದಲ ಪುಸ್ತಕ ಕೇಳಿ ಪಡೆದು, ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮಂಡಿ ಮಡಚಿ ಕೂತು ಓದಿದರು. ಅರ್ಧಗಂಟೆಯ ಮೇಲೆ ಪುಸ್ತಕ ಹಿಡಿದು ಶೆಡ್ಡಿಗೇ ಬಂದರು.

“ಇದನ್ನ ಬರೆದೋರು ಯಾರಮ್ಮ?”

“ನಾನೇ ಅಮ್ಮ. ಹಾಳೆ ಹೋಗ್ಬಿಟ್ಟಿತ್ತು. ಮಕ್ಕಳು ಅಳೋರು. ತಪ್ಪಾಯ್ತಾ?”

“‘ಬಾಗಿಲು ತೆರೆದಿತ್ತು’ ಅಂತಷ್ಟೇ ಇದ್ದಿದ್ದು. ‘ಯಾರೋ ಬರುತ್ತಾರೆಂದು ಬಾಗಿಲು ತೆರೆದಿತ್ತು’ ಅಂತ ಬರೆದಿದೀಯಲ್ಲ.”

“ನನಗೆ ಹಾಗೇ ನೆನಪಿತ್ತು.”

ಆ ಹೆಂಗಸು ಪೆನ್ನು ಕೇಳಿದರು. ಪುಟದ ಕೆಳಗೆ ‘ಇದೂ ನನ್ನದೇ’ ಎಂದು ಬರೆದು ಸಹಿ ಮಾಡಿದರು. ಸಹಿ ಓದಿದಾಗಲೇ ಎದುರಿಗೆ ನಿಂತಿರುವವರು ಯಾರೆಂದು ಅಂಟಿನ ಆಂಟಿಗೆ ಗೊತ್ತಾದದ್ದು. ಕೂರಲು ಕೊಡಲು ಶೆಡ್ಡಿನಲ್ಲಿ ಇನ್ನೊಂದು ಸ್ಟೂಲಿರಲಿಲ್ಲ. ನಿಂತೇ ಟೀ ಕುಡಿದರು. ಇಷ್ಟು ದೂರ ಬಂದದ್ದೇಕೆ ಎಂದು ಕೇಳಿದ್ದಕ್ಕೆ ದೊಡ್ಡಮ್ಮ ಹೇಳಿದ ಮಾತು ಅಂಟಿನ ಆಂಟಿಗೆ ಇನ್ನೂ ನೆನಪಿದೆ. “ನನ್ನ ಹತ್ರ ಒಂದು ಪ್ರತೀನೂ ಉಳಿದಿಲ್ಲಮ್ಮ. ಕೊಂಡ್ಕೊಳ್ಳೋಣ ಅಂದ್ರೆ ಆ ಪೆಟ್ಟಿಗೆ ರೇಟು ಕೇಳಿ ಸುಮ್ಮನೆ ಬಂದೆ. ಇಲ್ಲಾದ್ರೆ ಬಸ್ ಚಾರ್ಜಲ್ಲಿ ಮುಗಿಯುತ್ತೆ.”

ದೊಡ್ಡಮ್ಮ ತೀರಿಕೊಂಡ ಮೇಲೆ ಹಳೆಯ ಅಚ್ಚಿನ ಒಂಟೆ ಪುಸ್ತಕಗಳಿಗೆ ಒಮ್ಮೆಲೇ ಬೆಲೆ ಬಂತು. ಚಿಕ್ಕಂದಿನಲ್ಲಿ ಓದಿ ಈಗ ದುಡ್ಡು ಮಾಡಿದವರು ಹುಡುಕಿಕೊಂಡು ಹೊರಟರು. ಈ ಗ್ರಂಥಾಲಯದಲ್ಲಿ ಮೊದಲ ಪುಸ್ತಕದ ಮೊದಲ ಮುದ್ರಣದ ಹದಿನಾಲ್ಕು ಪ್ರತಿ ಇದೆಯೆಂಬುದು ಮುಖ್ಯ ಗ್ರಂಥಪಾಲಕರಿಗೆ ಹೊಳೆಯಿತು. ಕಟ್ಟಡದ ಛಾವಣಿ ಸೋರುತ್ತಿತ್ತು, ಅನುದಾನ ನಿಂತು ಮೂರು ವರ್ಷವಾಗಿತ್ತು. ಎರಡು ವರ್ಷದ ಹಿಂದೆ ಅವರು ಹಳೆಯ ಪುಸ್ತಕಗಳಿಗೆ ಬೆಲೆ ಕಟ್ಟುವ ಪರಿಣತರೊಬ್ಬರನ್ನು ಕರೆಸಿದರು.

ಪರಿಣತರು ಬಿಳಿಯ ಕೈಗವಸು ಹಾಕಿಕೊಂಡು ಬಂದರು. ಓದುವ ಕೋಣೆಯ ಮೇಜಿನ ಮೇಲೆ ಹದಿಮೂರು ಪ್ರತಿಗಳನ್ನು ಸಾಲಾಗಿ ಇಟ್ಟರು. ಹದಿನಾಲ್ಕನೆಯದು ಸಿಕ್ಕಿರಲಿಲ್ಲ. ಕಪಾಟನ್ನು ಸರಿಸಿದಾಗ ಅದು ಹಿಂದಿನ ಗೋಡೆಯ ಸಂದಿಯಲ್ಲಿ ಬಿದ್ದಿತ್ತು, ಬಹುಶಃ ಬಂದ ವರ್ಷವೇ ಜಾರಿದ್ದು. ಹಿಂಬದಿಯ ಚೀಟಿಯಲ್ಲಿ ಒಂದು ತಾರೀಖಿನ ಮುದ್ರೆಯೂ ಇರಲಿಲ್ಲ. ಪರಿಣತರು ಅದನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡರು ಎಂದು ಅಂಟಿನ ಆಂಟಿ ಹೇಳುತ್ತಾರೆ. ಒಂದು ಮಗುವೂ ಓದಿರದ ಆ ಪ್ರತಿಯ ಬೆಲೆ, ಅವರು ಆ ದಿನ ಹೇಳಿದ ಪ್ರಕಾರ, ಅಂಟಿನ ಆಂಟಿಯ ಐದು ವರ್ಷದ ಸಂಬಳ.

ಅಂಟಿನ ಆಂಟಿ ಸುಮ್ಮನಿರಲಾರದೆ ಸಾಲಿನಲ್ಲಿದ್ದ ಇನ್ನೊಂದು ಪ್ರತಿಯನ್ನು ತೋರಿಸಿದರಂತೆ. ಅದರ ಹಿಂದೆ ಚೀಟಿಯ ಮೇಲೆ ಚೀಟಿ ಅಂಟಿಸಿ ಅಂಗೈ ದಪ್ಪವಾಗಿತ್ತು.

“ಸಾರ್, ಇದನ್ನ ನೋಡಿ. ನಾನೂರ ಹನ್ನೆರಡು ಸಲ ಮಕ್ಕಳ ಮನೆಗೆ ಹೋಗಿ ಬಂದಿದೆ.”

“ಅದೇ ಸಮಸ್ಯೆ,” ಎಂದರು ಪರಿಣತರು.

ಅವರ ವರದಿಯ ಪ್ರತಿಯನ್ನು ನಾನು ಓದಿದ್ದೇನೆ. ಹದಿಮೂರೂ ಪ್ರತಿಗಳಿಗೆ ಸೇರಿಸಿ ಒಂದೇ ಷರಾ: ‘ಅನಧಿಕೃತ, ಅಪರಿಣತ ದುರಸ್ತಿ. ಮೂಲ ಹೊಲಿಗೆ ನಾಶ. ಮೂಲ ರಟ್ಟು ಇಲ್ಲ. ಕೈಬರಹದ ಹಾಳೆಗಳು, ಪೆನ್ಸಿಲ್ ಗೀಚು. ಸಂಗ್ರಹ ಮೌಲ್ಯ: ಶೂನ್ಯ.’ ದುರಸ್ತಿ ಮಾಡದೆ ಇಟ್ಟಿದ್ದರೆ ಬರಬಹುದಾಗಿದ್ದ ಮೊತ್ತವನ್ನು ಕೊನೆಯಲ್ಲಿ ಕೂಡಿ ಬರೆದಿದ್ದಾರೆ. ಹೊಲಿಯದೆ ಬಿಟ್ಟಿದ್ದರೆ ಅವು ಇಪ್ಪತ್ತು ವರ್ಷದ ಹಿಂದೆಯೇ ರದ್ದಿಗೆ ಹೋಗುತ್ತಿದ್ದವು ಎಂಬ ಮಾತು ವರದಿಯಲ್ಲಿ ಎಲ್ಲೂ ಇಲ್ಲ.

ಆ ಮೊತ್ತವನ್ನು ನೋಡಿದ ಮೇಲಧಿಕಾರಿಗಳು ಯಾರನ್ನಾದರೂ ಕೇಳಲೇಬೇಕಿತ್ತು. ಕೇಳಲು ಸಿಕ್ಕವರು ಒಬ್ಬರೇ. ‘ಸಂಸ್ಥೆಯ ಅಮೂಲ್ಯ ಆಸ್ತಿಗೆ ಹಾನಿ ಮಾಡಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು’ ಎಂಬ ಮೆಮೋ ಬಂತು. ಉತ್ತರವನ್ನು ಮಗಳು ಬರೆದುಕೊಟ್ಟಳು. ಮೂರು ಪುಟ. ಓದಿದ ಸಮಿತಿ ಮೂರು ಸಾಲಿನಲ್ಲಿ ತೀರ್ಮಾನ ಕೊಟ್ಟಿತು: ಮೂರು ವರ್ಷ ಅನುಭವ ಭತ್ಯೆ ಕಡಿತ, ದೊಡ್ಡಮ್ಮನ ಪುಸ್ತಕಗಳನ್ನು ಮುಟ್ಟಕೂಡದು.

“ಕೆಲಸದಿಂದ ತೆಗೀಲಿಲ್ಲ, ಪುಣ್ಯ,” ಎನ್ನುತ್ತಾರೆ ಅಂಟಿನ ಆಂಟಿ. ಮಗಳು ಒಪ್ಪುವುದಿಲ್ಲ. ಈಗ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಆಕೆ, ಪಾಳಿ ಮುಗಿಸಿ ಅಮ್ಮನಿಗೆ ಬುತ್ತಿ ಕೊಡಲು ಬಂದವಳು, ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳುತ್ತಾಳೆ: “ತೆಗೆದ್ರೆ ಈ ಸಂಬಳಕ್ಕೆ ಅಂಟು ಕಾಯಿಸೋಕೆ ಇನ್ಯಾರು ಬರ್ತಾರೆ? ಪುಣ್ಯ ಅಂತೆ. ಇಪ್ಪತ್ತನಾಲ್ಕು ವರ್ಷ ಪುಸ್ತಕಾನ ಬದುಕಿಸಿದ್ದಕ್ಕೆ ದಂಡ ಕಟ್ಟಿಸ್ಕೊಂಡಿದಾರೆ. ನಮ್ಮ ಆಸ್ಪತ್ರೇಲಿ ಬದುಕಿದ ರೋಗಿಗಳೆಲ್ಲ ಬಂದು, ಹೊಲಿಗೆ ಹಾಕಿ ನಮ್ಮ ಚರ್ಮ ಹಾಳು ಮಾಡಿದ್ರಿ ಅಂತ ಕೇಸು ಹಾಕಿದ್ರೆ ಹೇಗಿರುತ್ತೆ?”

ಅಮ್ಮ ಬುತ್ತಿಯ ಮುಚ್ಚಳ ಬಿಗಿ ಮಾಡುತ್ತಾ “ಸಾಕು ಬಿಡೆ” ಎನ್ನುತ್ತಾರೆ.

ಮೆಮೋ ಬಂದ ಎಂಟು ತಿಂಗಳಿಗೆ ಹಳೆಯ ಪುಸ್ತಕಗಳ ಸಂಗ್ರಾಹಕರೊಬ್ಬರು ಆ ಹದಿಮೂರು ಪ್ರತಿಗಳನ್ನು ಸುಮ್ಮನೆ ತಿರುವಿಹಾಕುತ್ತಾ ‘ಇದೂ ನನ್ನದೇ’ ಎಂಬ ಸಾಲಿನ ಮೇಲೆ ಬೆರಳಿಟ್ಟರು. ದೊಡ್ಡಮ್ಮ ಸಹಿ ಹಾಕಿದ ಒಂಟೆ ಪುಸ್ತಕಗಳು ತೀರ ಕಡಿಮೆ. ಸಭೆ ಸಮಾರಂಭಗಳಿಗೆ ಪ್ರಕಾಶಕರು ಆಕೆಯನ್ನು ಕರೆಯುತ್ತಲೇ ಇರಲಿಲ್ಲ. ಶೂನ್ಯವೆಂದು ಷರಾ ಬರೆಸಿಕೊಂಡಿದ್ದ ಪ್ರತಿ, ಬೆಳಗಾಗುವುದರೊಳಗೆ ಕಬ್ಬಿಣದ ಬೀರುವಿಗೆ ಹೋಯಿತು.

ಇದಾವುದೂ ಆಗ ಅಂಟಿನ ಆಂಟಿಗೆ ಗೊತ್ತಿರಲಿಲ್ಲ. ಅವರಿಗೆ ತಿಳಿದದ್ದು ಇಷ್ಟು: ಒಂದು ಸೋಮವಾರ ಮುಖ್ಯ ಗ್ರಂಥಪಾಲಕರು ತಾವೇ ಶೆಡ್ಡಿಗೆ ಬಂದು ಆ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಆದೇಶಕ್ಕೆ ಇದೊಂದು ಸಲ ವಿನಾಯಿತಿ ಎಂದರು. ಹದಿನೇಳರ ಹಿಂಬದಿಯ ಪೆನ್ಸಿಲ್ ಗೀಚನ್ನೆಲ್ಲ ಅಳಿಸಿ ಸ್ವಚ್ಛ ಮಾಡಿ ಕೊಡಬೇಕು, ಹಾಳೆಗೆ ಏನೂ ಆಗಬಾರದು, ಇಷ್ಟು ನಾಜೂಕಿನ ಕೈ ನಿಮ್ಮದೇ ಎಂದರು. ಗಾಜಿನ ಕಪಾಟಿನಲ್ಲಿ ಇಡುತ್ತಾರೇನೋ ಎಂದುಕೊಂಡರು ಇವರು.

“ಎರಡು ದಿನ ಬೇಕಾಯ್ತು. ಬ್ರೆಡ್ಡಿನ ಮಿದುವು ತಗೊಂಡು ಮೆಲ್ಲಗೆ ಉಜ್ಜಿದ್ರೆ ಹಾಳೆ ಏಳಲ್ಲ. ಒಂದೊಂದೇ ಅಳಿಸ್ತಾ ಎಣಿಸಿದೆ. ಅರವತ್ತೊಂದು ಒಂಟೆ ಇತ್ತು. ಕೆಲವು ಮಕ್ಕಳು ಪಕ್ಕದಲ್ಲಿ ಹೆಸರು ಬರೆದಿದ್ರು. ಅವರಲ್ಲಿ ಒಬ್ಬ ಈಗ ನಮ್ಮೆಜಮಾನ್ರ ಜೊತೆ ವ್ಯಾನ್ ಓಡಿಸ್ತಾನೆ.” ಅವರು ದಾರಕ್ಕೆ ಮೇಣ ಸವರುತ್ತಾರೆ. “ನಾನು ಬರ್ಕೊಳ್ಳಿ ಅಂತ ಹೇಳಿದ್ದು. ನಾನೇ ಅಳಿಸ್ದೆ. ಸಂಬಳ ಕೊಡೋರು ಹೇಳಿದ್ಮೇಲೆ ಅಳಿಸ್ಲೇಬೇಕಲ್ಲ.”

ಅಂಟು ಹಚ್ಚುವಾಗ ಮೇಜು ಕೆಡದಂತೆ ಹಳೆಯ ಪತ್ರಿಕೆ ಹಾಸುವುದು ಇವರ ರೂಢಿ. ಅದಾಗಿ ಮೂರು ತಿಂಗಳಿಗೆ ಹಾಗೆ ಹಾಸಿದ ಹಾಳೆಯೊಂದರಲ್ಲಿ ತಮ್ಮದೇ ಅಕ್ಷರ ಕಂಡಿತು. ಹರಾಜಿನ ಸುದ್ದಿ. ಯಾರೂ ಮುಟ್ಟದ ಪ್ರತಿ ಒಳ್ಳೆಯ ಬೆಲೆಗೆ ಹೋಗಿತ್ತು. ಲೇಖಕಿಯ ಸಹಿಯಿದ್ದ ಪ್ರತಿ ಅದರ ಎರಡರಷ್ಟಕ್ಕಿಂತ ಹೆಚ್ಚಿಗೆ. ನಾನು ಲೆಕ್ಕ ಹಾಕಿ ನೋಡಿದೆ, ಇವರ ಹನ್ನೊಂದು ವರ್ಷ ನಾಲ್ಕು ತಿಂಗಳ ಸಂಬಳ. ಜೊತೆಗೆ ಹದಿನೇಳನೆಯ ಪುಟದ ಚಿತ್ರ. ಕೆಳಗೆ ಒಂದು ಸಾಲು: ‘ಲೇಖಕಿ ಮೆಚ್ಚಿ ಸಹಿ ಹಾಕಿದ ಈ ಪುಟದ ಕೈಬರಹ ಯಾರದೆಂದು ತಿಳಿದುಬಂದಿಲ್ಲ.’

ಆ ಸಾಲು ಬರೆದದ್ದು ನಾನು. ಹರಾಜು ಸಂಸ್ಥೆ ಕಳುಹಿಸಿದ ಕಾಗದದಲ್ಲಿ ಹಾಗಿತ್ತು, ಹಾಗೇ ಹಾಕಿದೆ. ಗ್ರಂಥಾಲಯಕ್ಕೆ ಒಂದು ಫೋನ್ ಮಾಡಿದ್ದರೆ ತಿಳಿದುಬರುತ್ತಿತ್ತು. ಮಾಡಲಿಲ್ಲ. ಅಂಟಿನ ಆಂಟಿ ಪತ್ರಿಕೆಯ ಕಚೇರಿಗೆ ಎರಡು ಸಲ ಫೋನ್ ಮಾಡಿದರಂತೆ. ಎರಡು ಸಲವೂ ಜಾಹೀರಾತು ವಿಭಾಗಕ್ಕೆ ದಾಟಿಸಿ ಲೈನು ಕತ್ತರಿಸಿದರಂತೆ. ಮೂರನೆಯ ಸಲ ಮಗಳು ಕಾಗದ ಬರೆದಳು. ಆ ಕಾಗದ ನನ್ನ ಮೇಜಿನ ಮೇಲೆ ನಾಲ್ಕು ತಿಂಗಳು ಕೂತಿತ್ತು ಎಂಬುದನ್ನೂ ಇಲ್ಲಿ ಬರೆದುಬಿಡುವುದು ಮೇಲು.

ಪತ್ರಿಕೆಯ ತುಂಡನ್ನು ಹಿಡಿದು ಅವರು ಮೊದಲು ಹೋದದ್ದು ಮುಖ್ಯ ಗ್ರಂಥಪಾಲಕರ ಕೋಣೆಗೆ. ಅಲ್ಲಿ ನಡೆದ ಮಾತನ್ನು ಅವರು ಎರಡೂ ದನಿಯಲ್ಲಿ ಆಡಿ ತೋರಿಸುತ್ತಾರೆ.

“ಸಾರ್, ಇದು ನನ್ನ ಅಕ್ಷರ.”

“ನನಗೆ ಗೊತ್ತಿಲ್ವೇನಮ್ಮ? ಆದ್ರೆ ಈಗ ಹೇಳಿದ್ರೆ ಏನಾಗುತ್ತೆ ಯೋಚನೆ ಮಾಡು. ಯಾರೋ ಗೊತ್ತಿಲ್ಲ ಅಂದ್ರೆ ಅದಕ್ಕೊಂದು ಗತ್ತು. ಅಂಟು ಹಚ್ಚೋರು ಬರೆದಿದ್ದು ಅಂದ್ರೆ ಕೊಂಡೋರು ದುಡ್ಡು ವಾಪಸ್ ಕೇಳ್ತಾರೆ.”

“ದುಡ್ಡು ಬೇಡ ಸಾರ್. ಆ ಮೆಮೋ ವಾಪಸ್ ತಗೊಳ್ಳಿ. ನಾನು ಬರೆದ ಪುಟಕ್ಕೇ ಬೆಲೆ ಬಂದಿದೆಯಲ್ಲ.”

“ಅದು ಬೇರೆ ಫೈಲು, ಇದು ಬೇರೆ ಫೈಲಮ್ಮ.”

ಅವರು ಬಿಡಲಿಲ್ಲ. ಮೇಲಿನವರಿಗೆ ಅರ್ಜಿ ಕೊಟ್ಟರು. ಐದು ತಿಂಗಳ ಮೇಲೆ ಬಂದ ಉತ್ತರವನ್ನು ಟ್ರಂಕಿನಿಂದ ತೆಗೆದು ನನಗೆ ಕೊಡುತ್ತಾರೆ. ಅನುಮತಿಯಿಲ್ಲದೆ ಹಾಳೆ ಸೇರಿಸಿದ್ದು ತಪ್ಪು, ಆ ತಪ್ಪಿನಿಂದ ಮುಂದೆ ಸಂಸ್ಥೆಗೆ ಲಾಭವಾಯಿತೆಂಬುದು ತಪ್ಪನ್ನು ಅಳಿಸುವುದಿಲ್ಲ ಎಂದು ಅದರಲ್ಲಿದೆ. ಭಾಷೆ ತುಂಬ ಶುದ್ಧವಾಗಿದೆ. ಈ ಬಗ್ಗೆ ಕೇಳಲು ಹೋದಾಗ ಮುಖ್ಯ ಗ್ರಂಥಪಾಲಕರು ನನ್ನನ್ನು ಆದರದಿಂದಲೇ ಕೂರಿಸಿದರು. “ಆಕೆ ತುಂಬ ಒಳ್ಳೆ ಕೆಲಸಗಾರ್ತಿ, ಬರೀರಿ,” ಎಂದರು. ಮೆಮೋ ವಿಷಯ ಎತ್ತಿದಾಗ, ಹೊಸ ಛಾವಣಿ ನೋಡಿಕೊಂಡು ಹೋಗಿ ಎಂದರು.

ನೋಡಿದೆ. ಓದುವ ಕೋಣೆ ಈಗ ಸೋರುವುದಿಲ್ಲ. ಒಂದು ಮೂಲೆಗೆ ಎ.ಸಿ. ಹಾಕಿ, ಗಾಜಿನ ಕಪಾಟಿಟ್ಟು, ‘ದೊಡ್ಡಮ್ಮ ಸ್ಮಾರಕ ವಿಭಾಗ’ ಎಂದು ಹಿತ್ತಾಳೆಯ ಅಕ್ಷರಗಳಲ್ಲಿ ಬರೆಸಿದ್ದಾರೆ. ಉಳಿದ ಹನ್ನೆರಡು ಪ್ರತಿಗಳಿಗೂ ಬೇರೆ ಒಂಟೆ ಪುಸ್ತಕಗಳಿಗೂ ಎಂದಾದರೂ ಬೆಲೆ ಬರಬಹುದೆಂಬ ಆಸೆಯಿಂದ ಅವನ್ನು ಒಳಗಿಟ್ಟು ಬೀಗ ಹಾಕಲಾಗಿದೆ. ಹರಾಜಿನ ಹಣದಲ್ಲಿ ಪ್ರಕಾಶಕರ ದುಬಾರಿ ಪೆಟ್ಟಿಗೆಯೊಂದನ್ನೂ ಕೊಂಡಿದ್ದಾರೆ. ಬೆಲೆಬಾಳುವುದೆಂದು ಅದೂ ಒಳಗೇ ಇದೆ. ತಗಡಿನ ಶೆಡ್ಡು ಮಾತ್ರ ಹೊಸ ಛಾವಣಿಯ ಲೆಕ್ಕಕ್ಕೆ ಸೇರಿಲ್ಲ. ಮಳೆ ಬಂದರೆ ಅಂಟಿನ ಆಂಟಿ ಪಾತ್ರೆಯನ್ನು ಸೋರದ ಜಾಗಕ್ಕೆ ಎಳೆದುಕೊಂಡು ಕೂರುತ್ತಾರೆ.

ಹನ್ನೊಂದು ಗಂಟೆಗೆ ಇಬ್ಬರು ಅಕ್ಕತಂಗಿಯರು ಬಂದು ಒಂಟೆಯ ಪುಸ್ತಕ ಇದೆಯಾ ಎಂದು ಕೌಂಟರಿನಲ್ಲಿ ಕೇಳಿದರು. ಗುಮಾಸ್ತರು ಗಾಜಿನ ಕಡೆ ಕೈ ತೋರಿಸಿದರು. ಇಬ್ಬರೂ ಗಾಜಿಗೆ ಮೂಗು ಒತ್ತಿ ರಟ್ಟನ್ನು ನೋಡಿ, ನೇರವಾಗಿ ಶೆಡ್ಡಿಗೆ ಬಂದರು. ದಾರಿ ಮೊದಲೇ ಗೊತ್ತಿದ್ದಂತಿತ್ತು. ಅಂಟಿನ ಆಂಟಿ ಹೊಲಿಗೆ ನಿಲ್ಲಿಸದೆ, “ಒಂದು ಊರಲ್ಲಿ ಒಂದು ಒಂಟೆ ಇತ್ತು,” ಎಂದು ಶುರುಮಾಡಿದರು. ಇಪ್ಪತ್ತು ನಿಮಿಷದಲ್ಲಿ ಪೂರ್ತಿ ಪುಸ್ತಕ ಮುಗಿಯಿತು, ಒಂದು ಸಾಲೂ ತಪ್ಪದೆ. ಪುಟ ತಿರುಗುವ ಜಾಗದಲ್ಲಿ ಅವರು ಉಸಿರು ತೆಗೆದುಕೊಳ್ಳುವುದನ್ನು ಗಮನಿಸಿದೆ.

“ಇದಕ್ಕೂ ಮೆಮೋ ಬಂದ್ರೆ?” ಎಂದೆ, ಮಕ್ಕಳು ಹೋದ ಮೇಲೆ.

“ಬಾಯಿಗೆ ಹೆಂಗೆ ಕೊಡ್ತಾರೆ? ಬರೆದ್ರೆ ತಾನೆ ಹಿಡಿಯೋದು.”

ಮುಂದಿನ ತಿಂಗಳು ಅವರ ಗುತ್ತಿಗೆಯ ಕಾಗದ ಮತ್ತೆ ಸಹಿಗೆ ಬರಬೇಕು. ಈ ಲೇಖನ ಅಚ್ಚಾದ ಮೇಲೆ ಅದು ಬರುತ್ತದೋ ಇಲ್ಲವೋ ಎಂದು ನನಗೇ ಅಳುಕಿದೆ. ಹೇಳಿದೆ. ಅವರು ಹೊಲಿದ ಪುಸ್ತಕವನ್ನು ಕಲ್ಲಿನ ಕೆಳಗಿಟ್ಟು ಬಂದರು. ನಿಮಗೆ ಆಸೆ ಅಂತ ಏನಿದೆ ಎಂದು ಕೇಳಿದೆ. ಇಂಥ ಲೇಖನಗಳ ಕೊನೆಯಲ್ಲಿ ಕೇಳುವ ಪ್ರಶ್ನೆ ಅದು.

“ಕೊಂಡೋರ ಮನೆಗೆ ಹೋಗಿ ಆ ಪುಟ ಒಂದ್ಸಲ ತಿದ್ದಿ ಬರಬೇಕು. ಅದರಲ್ಲಿ ತಪ್ಪಿದೆ. ‘ಉಪ್ಪು’ ಅನ್ನೋ ಕಡೆ ಒತ್ತು ಬಿಟ್ಬಿಟ್ಟಿದೀನಿ, ‘ಉಪು’ ಅಂತಿದೆ. ದೊಡ್ಡಮ್ಮ ಸಹಿ ಹಾಕಿದ್ಮೇಲೆ ಮುಟ್ಟೋಕೆ ಧೈರ್ಯ ಬರ್ಲಿಲ್ಲ, ಹಾಗೇ ಬಿಟ್ಟೆ. ಇಲ್ಲಿದ್ದಷ್ಟು ವರ್ಷ ವಾರಕ್ಕೊಂದು ಮಗು ಓಡಿ ಬಂದು ಹೇಳೋದು, ಆಂಟಿ ಇಲ್ಲಿ ತಪ್ಪಿದೆ ಅಂತ.” ಅವರು ಸೂಜಿಯನ್ನು ಬೆಳಕಿಗೆ ಹಿಡಿದು ಮತ್ತೆ ದಾರ ಪೋಣಿಸುತ್ತಾರೆ. “ಅಷ್ಟೊಂದು ದುಡ್ಡು ಕೊಟ್ಟು ತಗೊಂಡ್ಹೋದ್ರಲ್ಲ, ವರ್ಷ ಆಗ್ತಾ ಬಂತು. ಅಲ್ಲಿಂದ ಇನ್ನೂ ಯಾರೂ ಹೇಳಿಲ್ಲ.”